ದಪ್ಪ, ಗಟ್ಟಿ ಕಟ್ಟಿಗೆಗೆ ಯಾವ ಬ್ಲೇಡ್? ಹಲ್ಲು ಹೆಚ್ಚಾದಷ್ಟೂ ಕೆಲಸ ಕೆಡುತ್ತದೆ

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಗಟ್ಟಿ ಕಟ್ಟಿಗೆ ಕೊಯ್ಯಲು ಬ್ಲೇಡ್ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು 40 ಹಲ್ಲಿನದು. "ಎಲ್ಲದಕ್ಕೂ ನಡೆಯುತ್ತದೆ, ಯಜಮಾನರೇ" ಎಂಬ ಭರವಸೆ ಅದರ ಜೊತೆ ಪುಕ್ಕಟೆ. ನಡೆಯುತ್ತದೆ ಎನ್ನುವುದು ಸುಳ್ಳಲ್ಲ. ಪ್ಲೈವುಡ್, ಒಂದಿಂಚಿನ ಹಲಗೆ, ಕಿಟಕಿಯ ಪಟ್ಟಿ ಇವಕ್ಕೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಮೂರು ಇಂಚು ದಪ್ಪದ ಮತ್ತಿಯನ್ನು ಉದ್ದಕ್ಕೆ ಸೀಳಲು ನಿಂತಾಗ ಮಾತ್ರ ಅದೇ ಬ್ಲೇಡ್ ಹೊಗೆ ಎಬ್ಬಿಸುತ್ತದೆ, ಕೊಯ್ದ ಮೈಯನ್ನು ಕಪ್ಪಾಗಿಸುತ್ತದೆ, ಮೋಟಾರಿನ ಸದ್ದು ಇಳಿಯುತ್ತದೆ. ಆಗ ಅನೇಕರು ಮಾಡುವ ಕೆಲಸವೆಂದರೆ ಮತ್ತೆ ಅಂಗಡಿಗೆ ಹೋಗಿ 60 ಹಲ್ಲಿನದನ್ನು ತರುವುದು. ಕಟ್ಟಿಗೆ ಗಟ್ಟಿಯಾಗಿದ್ದರೆ ಹಲ್ಲು ಜಾಸ್ತಿ ಬೇಕು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಬೇರೂರಿದೆ. ಬೇಕಾಗಿರುವುದು ಅದರ ತದ್ವಿರುದ್ಧ: 24 ಹಲ್ಲು, ಹಲ್ಲುಗಳ ನಡುವೆ ಆಳವಾದ ಗುಳಿ, ದಪ್ಪ ಮೈ.

ಏಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಹತ್ತು ಇಂಚಿನ, ಅಂದರೆ 254 ಮಿ.ಮೀ. ಬ್ಲೇಡಿನ ಸುತ್ತಳತೆ ಸುಮಾರು 798 ಮಿ.ಮೀ. 24 ಹಲ್ಲಿದ್ದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ 33 ಮಿ.ಮೀ. ಅಂತರ, 60 ಹಲ್ಲಿದ್ದರೆ 13 ಮಿ.ಮೀ. ಟೇಬಲ್ ಗರಗಸದಲ್ಲಿ ಬ್ಲೇಡನ್ನು ಪೂರ್ತಿ ಏರಿಸಿ 75 ಮಿ.ಮೀ. ದಪ್ಪದ ತುಂಡನ್ನು ತಳ್ಳುವಾಗ ಕಟ್ಟಿಗೆಯೊಳಗೆ ಹುದುಗಿರುವ ಕಮಾನು ಹೆಚ್ಚುಕಡಿಮೆ 118 ಮಿ.ಮೀ. ಆಗುತ್ತದೆ. ಮೊದಲನೆಯ ಬ್ಲೇಡಿನಲ್ಲಿ ಏಕಕಾಲಕ್ಕೆ ಮೂರು-ನಾಲ್ಕು ಹಲ್ಲು ಕಚ್ಚಿರುತ್ತವೆ, ಎರಡನೆಯದರಲ್ಲಿ ಎಂಟು-ಒಂಬತ್ತು. ಮೋಟಾರು ಒಂದೇ, ತಳ್ಳುವ ಕೈಯೂ ಒಂದೇ. ಅಷ್ಟೇ ಬಲವನ್ನು ಒಂಬತ್ತು ಹಲ್ಲುಗಳು ಹಂಚಿಕೊಂಡರೆ ಯಾವುದಕ್ಕೂ ಕಚ್ಚುವಷ್ಟು ಒತ್ತು ಸಿಗುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಬ್ಲೇಡ್ ನಿಮಿಷಕ್ಕೆ 4500 ಸುತ್ತು ತಿರುಗುತ್ತಿದೆ, ನೀವು ನಿಮಿಷಕ್ಕೆ ಮೂರು ಮೀಟರ್ ವೇಗದಲ್ಲಿ ಕಟ್ಟಿಗೆ ತಳ್ಳುತ್ತಿದ್ದೀರಿ ಎಂದುಕೊಳ್ಳಿ. 24 ಹಲ್ಲಿನ ಬ್ಲೇಡಿನಲ್ಲಿ ಪ್ರತಿ ಹಲ್ಲೂ 0.028 ಮಿ.ಮೀ. ಮುಂದಕ್ಕೆ ಕೆತ್ತುತ್ತದೆ. 60 ಹಲ್ಲಿನದರಲ್ಲಿ 0.011 ಮಿ.ಮೀ. ಮಾತ್ರ. ಅಷ್ಟು ತೆಳುವಾಗಿ ಹಲ್ಲು ಕೆತ್ತುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಬ್ಲೇಡಿನ ಅಂಚು ಉಬ್ಬಿ ಅಲುಗಾಟ, ಅಲುಗಿದರೆ ಇನ್ನಷ್ಟು ಉಜ್ಜಾಟ. ಸಾಗವಾನಿಯ ಮೇಲೆ ಕಾಣುವ ಕರಕಲು ಗೀರುಗಳ ಕಾರಣ ಬಹುಪಾಲು ಇದು; ಇಲ್ಲವೇ ಮೊಂಡಾದ ಬ್ಲೇಡು, ಇಲ್ಲವೇ ಕಟ್ಟಿಗೆಯನ್ನು ಒರಗಿಸಿ ತಳ್ಳುವ ಬದಿಪಟ್ಟಿ ಬ್ಲೇಡಿಗೆ ಸಮನಾಂತರವಾಗಿಲ್ಲದಿರುವುದು.

ಹಲ್ಲುಗಳ ನಡುವಿನ ಗುಳಿಯನ್ನು ಯಾರೂ ನೋಡುವುದಿಲ್ಲ, ದಪ್ಪ ಕಟ್ಟಿಗೆಯಲ್ಲಿ ಅದೇ ಮುಖ್ಯ. ಬಾವಿ ತೋಡುವಾಗ ಮಣ್ಣು ಮೇಲೆತ್ತುವ ಬುಟ್ಟಿಯ ಕೆಲಸ ಅದರದು. ಹಲ್ಲು ಕೆತ್ತಿದ ಹೊಟ್ಟು ಮೂರು ಇಂಚು ದಾಟಿ ಹೊರಬರುವವರೆಗೂ ಆ ಗುಳಿಯಲ್ಲೇ ಕುಳಿತಿರಬೇಕು. ಬುಟ್ಟಿ ಚಿಕ್ಕದಾದರೆ ಅರ್ಧ ದಾರಿಯಲ್ಲೇ ತುಂಬಿ, ಹೊಟ್ಟು ಬ್ಲೇಡಿನ ಪಕ್ಕಕ್ಕೆ ಜಾರಿ ಅಲ್ಲಿ ಅರೆಯುತ್ತದೆ. ಒಂದಿಂಚಿನ ಹಲಗೆಯಲ್ಲಿ ಈ ತೊಂದರೆ ಗೊತ್ತಾಗುವುದೇ ಇಲ್ಲ. ಅಂಗಡಿಯವರ ಭರವಸೆ ನಿಜವೆನಿಸುವುದು ಅದಕ್ಕಾಗಿಯೇ.

ಸೀಳುವುದೋ, ಅಡ್ಡ ಕೊಯ್ಯುವುದೋ

ಮೇಲಿನದೆಲ್ಲ ಎಳೆಯ ಜೊತೆ ಉದ್ದಕ್ಕೆ ಸೀಳುವ ಮಾತು. ಅಡ್ಡ ಕೊಯ್ತದ ಕಥೆ ಬೇರೆ. ಅಲ್ಲಿ ಎಳೆಗಳನ್ನು ಕತ್ತರಿಸಬೇಕು, ಇಲ್ಲದಿದ್ದರೆ ಹಿಂದಿನ ಅಂಚು ಸಿಬಿರೆದ್ದು ಕಿತ್ತುಬರುತ್ತದೆ. ಹೀಗಾಗಿ ಸೀಳುವ ಬ್ಲೇಡಿನ ಹಲ್ಲಿಗೆ ಚಪ್ಪಟೆ ತಲೆ, ಸುಮಾರು 20 ಡಿಗ್ರಿ ಮುಂದಕ್ಕೆ ಬಾಗಿದ ನಿಲುವು. ಅಡ್ಡ ಕೊಯ್ಯುವ ಬ್ಲೇಡಿನ ಹಲ್ಲುಗಳು ಒಂದು ಎಡಕ್ಕೆ ಇಳಿಜಾರು, ಮುಂದಿನದು ಬಲಕ್ಕೆ ಇಳಿಜಾರು. ನಿಲುವು 10 ಡಿಗ್ರಿಯ ಆಸುಪಾಸು. ಮೇಲಿನಿಂದ ಇಳಿಸಿ ಕೊಯ್ಯುವ ಮೈಟರ್ ಗರಗಸಕ್ಕೆ ಇನ್ನೂ ಕಡಿಮೆ, ಕೆಲವೊಮ್ಮೆ ಹಿಂದಕ್ಕೆ ಬಾಗಿದ ಹಲ್ಲು. ಮುಂದಕ್ಕೆ ಬಹಳ ಬಾಗಿದ ಹಲ್ಲನ್ನು ಆ ಯಂತ್ರಕ್ಕೆ ಹಾಕಿದರೆ ಅದು ಕಟ್ಟಿಗೆಯ ಮೇಲೆ ತಾನೇ ಏರಲು ನೋಡುತ್ತದೆ, ತಲೆ ನಿಮ್ಮ ಕಡೆ ನುಗ್ಗುತ್ತದೆ.

ಚೌಕಟ್ಟಿನ ತುದಿ ಚೊಕ್ಕಟವಾಗಿ ಬರಬೇಕೆಂದಿದ್ದರೆ ಅಡ್ಡ ಕೊಯ್ತಕ್ಕೆ 60 ಹಲ್ಲು ಸರಿ. ಗೋಡೆಯೊಳಗೆ ಹೋಗುವ ತುದಿಯಾದರೆ 40 ಸಾಕು, 24ರಲ್ಲಿ ಕೊಯ್ದರೂ ಆಕಾಶ ಕಳಚಿ ಬೀಳುವುದಿಲ್ಲ.

ನಾಲ್ಕು ಇಳಿಜಾರು ಹಲ್ಲಿಗೆ ಒಂದು ಚಪ್ಪಟೆ ಹಲ್ಲು ಸೇರಿಸಿ, ಐದೈದರ ಗುಂಪು ಮಾಡಿ, ನಡುವೆ ದೊಡ್ಡ ಗುಳಿ ಬಿಟ್ಟ 50 ಹಲ್ಲಿನ ಮಿಶ್ರ ಬ್ಲೇಡ್ ಒಂದಿದೆ. ಒಂದೇ ಬ್ಲೇಡಿನಲ್ಲಿ ದಿನ ಕಳೆಯಬೇಕಾದವರಿಗೆ 40ಕ್ಕಿಂತ ಅದು ಮೇಲು. ಆದರೂ ಎರಡು ಇಂಚು ದಾಟಿದ ಮೇಲೆ ಅದೂ ಏದುಸಿರು ಬಿಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಒಂದು ದುಬಾರಿ ಮಿಶ್ರ ಬ್ಲೇಡಿನ ಹಣದಲ್ಲಿ ಸಾಧಾರಣ ದರ್ಜೆಯ 24 ಒಂದು, 60 ಒಂದು ಕೊಳ್ಳುವುದು ಜಾಣತನ. ಬದಲಿಸಲು ಐದು ನಿಮಿಷ ಹಿಡಿಯುತ್ತದೆ; ಆ ಐದು ನಿಮಿಷದ ಸೋಮಾರಿತನಕ್ಕೆ ನಾವು ಸುಡುವ ಕಟ್ಟಿಗೆ ಕಡಿಮೆಯಲ್ಲ.

ನಮ್ಮ ಕಡೆಯ ಕಟ್ಟಿಗೆ

ಗಟ್ಟಿ ಎಂದರೆ ಎಲ್ಲವೂ ಒಂದೇ ಅಲ್ಲ. ಹಳಿಯಾಳ, ದಾಂಡೇಲಿಯ ಅರಣ್ಯ ಡಿಪೊಗಳ ಹರಾಜಿನಿಂದ ಧಾರವಾಡದ ಕಡೆ ಬರುವ ಸಾಗವಾನಿ ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಕೊಯ್ಯಲು ಅದೇನೂ ಕಠಿಣವಲ್ಲ. ಅದರ ಕಿತಾಪತಿ ಬೇರೆ: ಮೈಯಲ್ಲಿ ಸಿಲಿಕಾ ಇರುವುದರಿಂದ ಬರಿಯ ಉಕ್ಕಿನ ಹಲ್ಲು ಬೇಗ ಮೊಂಡಾಗುತ್ತದೆ. ಸಾಗವಾನಿಗೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬ್ಲೇಡೇ ಬೇಕು ಎನ್ನುವುದು ಇದಕ್ಕಾಗಿ. ಮತ್ತಿ 850 ಕಿಲೋದ ಹತ್ತಿರ ಹೋಗುತ್ತದೆ, ಬೀಟೆಯೂ ಅಷ್ಟೇ ತೂಕದ್ದು. ಜಂಬೆ ಅದಕ್ಕಿಂತಲೂ ಭಾರ, ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹೊನ್ನೆಯ ಕೆಂಪು ಅಂಟು ಹಲ್ಲಿನ ಹಿಂಬದಿಗೆ ಮೆತ್ತಿಕೊಂಡು ಹರಿತವಾದ ಬ್ಲೇಡನ್ನೂ ಮೊಂಡಿನಂತೆ ವರ್ತಿಸುವ ಹಾಗೆ ಮಾಡುತ್ತದೆ. ಬಟ್ಟೆ ಸೋಡಾ ಕಲಸಿದ ಬೆಚ್ಚಗಿನ ನೀರಿನಲ್ಲಿ ಬ್ಲೇಡನ್ನು ಸ್ವಲ್ಪ ಹೊತ್ತು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ ಒಣಗಿಸಿದರೆ ಸಾಣೆಯ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ಗದಗ, ನವಲಗುಂದ ಕಡೆಯ ಎರೆಭೂಮಿಯವರಿಗೆ ಜಾಲಿ ಪರಿಚಿತ. ಚಕ್ಕಡಿಯ ಗಾಲಿ, ಕುಂಟೆ, ಕೂರಿಗೆ ಎಲ್ಲವೂ ಅದರದ್ದೇ ಆಗಿದ್ದ ಕಾಲವಿತ್ತು. ಜಾಲಿಯ ದಿಮ್ಮಿ ಗಿಡ್ಡ, ಸೊಟ್ಟ, ಗಂಟುಗಂಟು. ಒಂದು ಮೈಯನ್ನಾದರೂ ಬಾಚಿಯಿಂದಲೋ ರಂಧದಿಂದಲೋ ಸಮ ಮಾಡಿಕೊಳ್ಳದೆ ಅದನ್ನು ಟೇಬಲ್ ಗರಗಸದ ಮೇಲೆ ಇಡಬಾರದು. ತುಂಡು ಹೊರಳಿದ ಕ್ಷಣ ಬ್ಲೇಡ್ ಅದನ್ನು ಹಿಡಿದು ನಿಮ್ಮ ಹೊಟ್ಟೆಯ ಕಡೆ ಎಸೆಯುತ್ತದೆ. ಹಾನಗಲ್ಲಿನ ಅರೆಮಲೆನಾಡಿನಿಂದ ಬರುವ ಹಲಸು, ಮಾವು ಇವುಗಳಿಗೆ ಇಷ್ಟೆಲ್ಲ ಕಟ್ಟುನಿಟ್ಟು ಬೇಕಿಲ್ಲ.

ಹಸಿ ಕಟ್ಟಿಗೆಗೆ ಒಂದು ಮಾತು. ಕೊಯ್ಯುತ್ತಿದ್ದಂತೆ ಒಳಗಿನ ಬಿಗಿ ಸಡಿಲಾಗಿ ಸೀಳು ಮುಚ್ಚಿಕೊಳ್ಳುತ್ತದೆ, ಬ್ಲೇಡ್ ಸಿಕ್ಕಿಬೀಳುತ್ತದೆ. ಒಂದು ಮೊಳ ಕೊಯ್ದ ಮೇಲೆ ಯಂತ್ರ ನಿಲ್ಲಿಸಿ ಸೀಳಿಗೆ ಮರದ ಬೆಣೆ ಹಾಕಿ ಮುಂದುವರಿಯಬೇಕು.

ಯಂತ್ರ ಎಷ್ಟು ಇಳಿಯುತ್ತದೆ

ನಮ್ಮ ಬಡಿಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು 110 ಮಿ.ಮೀ. ಬ್ಲೇಡಿನ ನಾಲ್ಕಿಂಚಿನ ಕಟ್ಟರ್. ಅದು ಹುಟ್ಟಿದ್ದು ಕಲ್ಲು, ಟೈಲ್ಸ್ ಕೊಯ್ಯಲು. ಒಮ್ಮೆಗೆ ಇಳಿಯುವುದು 34 ಮಿ.ಮೀ. ಆಸುಪಾಸು. ಹಲಗೆಗೆ ಸರಿ. ಮೂರಿಂಚಿನ ಚೌಕಟ್ಟನ್ನು ಎರಡೂ ಕಡೆಯಿಂದ ಕೊಯ್ದರೂ ನಡುವೆ ಒಂದಿಷ್ಟು ಉಳಿದೇ ಉಳಿಯುತ್ತದೆ; ಆ ಉಳಿಕೆಯನ್ನು ಕೈಗರಗಸದಲ್ಲಿ ಮುಗಿಸುವ ತಾಳ್ಮೆ ಇದ್ದವರು ಮುಗಿಸಲಿ. ಆದರೆ ಅದೇ ಬ್ಲೇಡನ್ನು ಕಬ್ಬಿಣ ಕೊಯ್ಯುವ ಕೈ ಗ್ರೈಂಡರಿಗೆ ಹಾಕುವ ಪದ್ಧತಿ ಇದೆಯಲ್ಲ, ಅದರ ಬಗ್ಗೆ ಮೃದುವಾಗಿ ಹೇಳಲು ನನಗೆ ಬರುವುದಿಲ್ಲ. ಗ್ರೈಂಡರಿಗೆ ತಳಹಲಗೆ ಇಲ್ಲ, ಮರದ ಬ್ಲೇಡಿಗೆ ತಕ್ಕ ಕಾಪು ಇಲ್ಲ, ವೇಗ ನಿಮಿಷಕ್ಕೆ 11000 ಸುತ್ತು. ಹಲ್ಲು ಕಟ್ಟಿಗೆಗೆ ಕಚ್ಚಿಕೊಂಡರೆ ಯಂತ್ರ ಕೈಯಿಂದ ಹಾರುತ್ತದೆ, ಹಾರಿದ ಮೇಲೂ ತಿರುಗುತ್ತಿರುತ್ತದೆ. ಮಾಡಬೇಡಿ.

185 ಮಿ.ಮೀ. ವೃತ್ತಾಕಾರದ ಕೈ ಯಂತ್ರ 60ರಿಂದ 66 ಮಿ.ಮೀ. ಇಳಿಯುತ್ತದೆ. ಎರಡಿಂಚಿಗೆ ಸಲೀಸು, ಮೂರಿಂಚಿಗೆ ಮಗುಚಿ ಎರಡನೆಯ ಕೊಯ್ತ. 235 ಮಿ.ಮೀ. ಯಂತ್ರ 85 ಮಿ.ಮೀ. ಹತ್ತಿರ ಹೋಗುತ್ತದೆ, ಮೂರಿಂಚು ಒಂದೇ ಪಟ್ಟಿಗೆ. ತೂಕವೂ ಜಾಸ್ತಿ, ದಿನವಿಡೀ ಹಿಡಿದವರ ಭುಜಕ್ಕೇ ಅದು ಗೊತ್ತು. ಮಾಳಿಗೆ ಮನೆಯ ತೊಲೆ, ಬಾಗಿಲ ಚೌಕಟ್ಟು ಇಂಥ ಕೆಲಸ ಪದೇ ಪದೇ ಬರುವವರಿಗೆ ಇದನ್ನೇ ಹೇಳುತ್ತೇನೆ, 20 ಅಥವಾ 24 ಹಲ್ಲಿನ ಬ್ಲೇಡಿನೊಂದಿಗೆ. ಹತ್ತಿಂಚಿನ ಟೇಬಲ್ ಗರಗಸದ ಎತ್ತರ ಹೆಚ್ಚೆಂದರೆ 79 ಮಿ.ಮೀ.; ಒಂದೂವರೆ ಎಚ್‌ಪಿ ಮೋಟಾರಿಗೆ ಮೂರಿಂಚಿನ ಮತ್ತಿ ಹೊರೆಯೇ ಸರಿ, ಮೂರು ಎಚ್‌ಪಿ ಇದ್ದರೆ ನೆಮ್ಮದಿ.

ಇಲ್ಲಿ ತೆಳು ಬ್ಲೇಡಿನ ಪ್ರಶ್ನೆ ಬರುತ್ತದೆ. ಸಾಮಾನ್ಯ ಹತ್ತಿಂಚಿನ ಬ್ಲೇಡ್ 3.2 ಮಿ.ಮೀ. ಅಗಲ ತಿನ್ನುತ್ತದೆ, ತೆಳುವಿನದು 2.4. ಕಾಲುಭಾಗ ಕಡಿಮೆ ಕಟ್ಟಿಗೆ ಕೆತ್ತುವುದರಿಂದ ಮೋಟಾರಿಗೆ ಹಗುರ. ಸಂಜೆಯಾದರೆ ವೋಲ್ಟೇಜ್ ಇಳಿಯುವ ಹಳ್ಳಿಯಲ್ಲಿ, ಸಣ್ಣ ಮೋಟಾರಿನವರಿಗೆ ಇದು ದೊಡ್ಡ ಉಪಕಾರ. ಆದರೆ ದಪ್ಪ ಕಟ್ಟಿಗೆಯೊಳಗೆ ಅದೇ ತೆಳು ಮೈ ಬಾಗುತ್ತದೆ; ಗಂಟು ಎದುರಾದರೆ ಪಕ್ಕಕ್ಕೆ ಸರಿಯುತ್ತದೆ, ಕೊಯ್ತ ಡೊಂಕಾಗುತ್ತದೆ. ಯಂತ್ರಕ್ಕೆ ಶಕ್ತಿ ಇದ್ದರೆ ದಪ್ಪದ್ದೇ ಇರಲಿ. ಶಕ್ತಿ ಇಲ್ಲದಿದ್ದರೆ ತೆಳುವಿನದನ್ನು ಹಾಕಿ, ಒಂದೇ ಬಾರಿಗೆ ಪೂರ್ತಿ ಆಳಕ್ಕೆ ಹೋಗದೆ ಎರಡು ಸಲ ಇಳಿಸಿ. ಉದ್ದದ ವಯರ್ ಎಳೆದು ಕೆಲಸ ಮಾಡುವವರು 2.5 ಚದರ ಮಿ.ಮೀ. ತಂತಿ ಬಳಸಲಿ, ಫ್ಯಾನಿನ ವಯರಿನಲ್ಲಿ ಗರಗಸ ಓಡಿಸಿ ಬ್ಲೇಡನ್ನು ಬೈಯುವುದು ನ್ಯಾಯವಲ್ಲ.

ತೆಳು ಬ್ಲೇಡ್ ಕೊಳ್ಳುವ ಮೊದಲು ಟೇಬಲ್ ಗರಗಸದ ಬ್ಲೇಡಿನ ಹಿಂದೆ ನಿಲ್ಲುವ ಉಕ್ಕಿನ ಪಟ್ಟಿಯನ್ನೂ ಅಳೆಯಿರಿ. ಸೀಳು ಮುಚ್ಚದಂತೆ, ಕಟ್ಟಿಗೆ ಹಿಂದಕ್ಕೆ ಹಾರದಂತೆ ತಡೆಯುವುದು ಅದೇ. ಅದರ ದಪ್ಪ ಬ್ಲೇಡಿನ ಮೈಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ಪಟ್ಟಿ 2.8 ಮಿ.ಮೀ. ಇದ್ದು ಬ್ಲೇಡ್ 2.4 ತಿಂದರೆ ಕಟ್ಟಿಗೆ ಅಲ್ಲಿಯೇ ತಡೆದು ನಿಲ್ಲುತ್ತದೆ. ಆಗ ಪಟ್ಟಿಯನ್ನೇ ಕಳಚಿ ಮೂಲೆಗೆ ಎಸೆಯುವವರನ್ನು ನೋಡಿದ್ದೇನೆ. ಬ್ಲೇಡ್ ಬದಲಿಸುವುದು ಸುಲಭ, ಬೆರಳು ಬದಲಿಸಲು ಬಾರದು.

ಮೂರಿಂಚಿಗಿಂತ ದಪ್ಪವಾದರೆ

ಆರಿಂಚು ಚೌಕದ ತೊಲೆಯಿಂದ ಹಲಗೆ ತೆಗೆಯಬೇಕಾದರೆ ವೃತ್ತಾಕಾರದ ಬ್ಲೇಡುಗಳ ಹೋಲಿಕೆಯೇ ಬೇಡ, ಬ್ಯಾಂಡ್‌ಸಾ, ಅಂದರೆ ಎರಡು ಗಾಲಿಗಳ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ, ಇರುವಲ್ಲಿಗೆ ಹೋಗಿ. ಅದರ ಪಟ್ಟಿ ಬ್ಲೇಡಿಗೂ ನಿಯಮ ಅದೇ: ಇಂಚಿಗೆ ಎರಡು-ಮೂರು ಹಲ್ಲು, ಮುಂದಕ್ಕೆ ಬಾಗಿದ ಹಲ್ಲು, ಯಂತ್ರ ಹಿಡಿಯುವಷ್ಟು ಅಗಲದ ಪಟ್ಟಿ. ಸಣ್ಣ ಬ್ಯಾಂಡ್‌ಸಾ ತಿನ್ನುವುದು ಸುಮಾರು ಒಂದು ಮಿ.ಮೀ. 150 ಮಿ.ಮೀ. ತೊಲೆಯಿಂದ 12 ಮಿ.ಮೀ. ಹಲಗೆ ತೆಗೆದರೆ, 3 ಮಿ.ಮೀ. ತಿನ್ನುವ ಬ್ಲೇಡಿನಲ್ಲಿ ಹತ್ತು ಬರುತ್ತವೆ, ಬ್ಯಾಂಡ್‌ಸಾದಲ್ಲಿ ಹನ್ನೊಂದು. ಸಾಗವಾನಿಯ ಬೆಲೆಗೆ ಒಂದು ಹಲಗೆ ಎಂದರೆ ಸಣ್ಣ ಮಾತಲ್ಲ. ಮೈ ಒರಟಾಗಿ ಬರುತ್ತದೆ, ರಂಧ ಹೊಡೆಯುವಾಗ ಆ ಲಾಭದಲ್ಲಿ ಸ್ವಲ್ಪ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊಲದಲ್ಲಿ ಬಿದ್ದ ಮರವನ್ನು ಚೈನ್‌ಸಾದಲ್ಲಿ ಅಲ್ಲಿಯೇ ಸೀಳುವವರು ಸಾಮಾನ್ಯ ಸರಪಳಿಯಲ್ಲಿ ಒದ್ದಾಡುತ್ತಾರೆ. ಅದನ್ನು ಅಡ್ಡ ಕೊಯ್ಯಲೆಂದು 25ರಿಂದ 35 ಡಿಗ್ರಿಗೆ ಅರ ಹಾಕಿರುತ್ತದೆ. ಸೀಳಲು 10 ಡಿಗ್ರಿಯ ಸರಪಳಿ ಪ್ರತ್ಯೇಕವಾಗಿ ಸಿಗುತ್ತದೆ. ಮರ ಕಡಿಯುವ ಮುನ್ನ, ಸಾಗಿಸುವ ಮುನ್ನ ಅರಣ್ಯ ಇಲಾಖೆಯ ಅನುಮತಿ, ರಹದಾರಿ ಬೇಕೇ ಎಂದು ವಿಚಾರಿಸಿಕೊಳ್ಳಿ, ಸಾಗವಾನಿ, ಬೀಟೆಯಾದರೆ ಖಂಡಿತ.

ಹಳೆಯ ತೊಲೆಗಳು

ಧಾರವಾಡ, ಗದಗ, ಹಾವೇರಿ ಯಾವ ಊರಾದರೂ ಹಳೆಯ ಮಾಳಿಗೆ ಮನೆಗಳು ಬೀಳುತ್ತಲೇ ಇವೆ. ಅವುಗಳ ತೊಲೆ, ಜಂತಿ, ಕಂಬ, ಬೋದಿಗೆಗಳು ಮಾರಾಟಕ್ಕೆ ಬರುತ್ತವೆ. ದಶಕಗಳ ಕಾಲ ಒಣಗಿದ ಅಂಥ ಸಾಗವಾನಿ ಹೊಸದಾಗಿ ಕೊಂಡದ್ದಕ್ಕಿಂತ ನಂಬಿಕಸ್ಥ: ಇನ್ನು ಬಾಗುವುದಿದ್ದರೆ ಯಾವಾಗಲೋ ಬಾಗಿ ಮುಗಿದಿರುತ್ತದೆ. ಆದರೆ ಒಳಗೆ ಮೊಳೆಗಳಿವೆ. ತೊಟ್ಟಿಲು ಕಟ್ಟಿದ ಕೊಂಡಿ, ಲಾಟೀನು ತೂಗಿದ ಕೊಕ್ಕೆ, ವಯರಿಂಗಿನವರು ಹೊಡೆದ ಚಿಕ್ಕ ಮೊಳೆ, ಹಬ್ಬಹಬ್ಬಕ್ಕೆ ತೋರಣಕ್ಕೆಂದು ಬಡಿದು ಮರೆತದ್ದು. ತಲೆ ಮುರಿದು ಒಳಗೇ ಉಳಿದ ಮೊಳೆಯ ಮೇಲೆ ಸುಣ್ಣ, ಬಣ್ಣ ಬಳಿದು ಕಾಣದಂತಾಗಿರುತ್ತದೆ.

ಮೊದಲು ಬಣ್ಣ ಕೆರೆದು ತೆಗೆಯಿರಿ. ಕಬ್ಬಿಣವು ಕಟ್ಟಿಗೆಯ ಒಗರಿನೊಂದಿಗೆ ಸೇರಿ ಕಪ್ಪು ಅಥವಾ ನೀಲಿಗಪ್ಪು ಕಲೆ ಬಿಟ್ಟಿರುತ್ತದೆ. ಮತ್ತಿ, ಜಾಲಿಯಲ್ಲಿ ಒಗರು ಜಾಸ್ತಿ, ಕಲೆಯೂ ಎದ್ದು ಕಾಣುತ್ತದೆ. ಕಲೆ ಕಂಡಲ್ಲಿ ಮೊಳೆ ಇದೆ, ಇಲ್ಲವೇ ಇತ್ತು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೈಯುದ್ದಕ್ಕೂ ಸರಿಸಿದರೆ ಮೇಲ್ಮೈಗೆ ಹತ್ತಿರದವು ಗೊತ್ತಾಗುತ್ತವೆ. ಆಳದವಕ್ಕೆ ಕೈಯಲ್ಲಿ ಹಿಡಿಯುವ ಲೋಹಶೋಧಕವೇ ಬೇಕು.

ಇಷ್ಟಾದ ಮೇಲೂ ಒಂದೆರಡು ತಪ್ಪಿಸಿಕೊಳ್ಳುತ್ತವೆ ಎಂದುಕೊಂಡೇ ಬ್ಲೇಡ್ ಆರಿಸಬೇಕು. ಹೊಸ ದುಬಾರಿ ಬ್ಲೇಡನ್ನು ಇದಕ್ಕೆ ಹಾಕಬೇಡಿ. ಕಾರ್ಬೈಡ್ ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ಮೊಳೆಗೆ ತಾಗಿದರೆ ತುದಿ ಸಿಡಿಯುತ್ತದೆ, ಸಿಡಿದ ಚೂರು ಕಣ್ಣಿನತ್ತ ಬರಬಹುದು. ಸಾಣೆಗೆ ಹೋಗಬೇಕಾದ ಹಳೆಯ 24 ಹಲ್ಲಿನದು ಇಲ್ಲಿ ಸರಿಯಾದ ಆಯ್ಕೆ. ಉಕ್ಕಿನ ಬ್ಲೇಡ್ ಇನ್ನೂ ಇಟ್ಟುಕೊಂಡಿರುವವರಿಗೆ ಇಲ್ಲೊಂದು ಅನುಕೂಲವಿದೆ: ಮೊಳೆ ತಾಗಿದರೆ ಹಲ್ಲು ಮಡಚುತ್ತದೆ, ಅರ ಹಾಕಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ತೊಲೆಯನ್ನು ಬರೀ ತುಂಡು ಮಾಡಬೇಕಿದ್ದರೆ, ಹಿಂದೆ ಮುಂದೆ ಓಡುವ ಕೈ ಗರಗಸ ಯಂತ್ರಕ್ಕೆ ಇಂಚಿಗೆ ಆರರಿಂದ ಹತ್ತು ಹಲ್ಲಿನ ಬೈಮೆಟಲ್ (ಎರಡು ಲೋಹ ಬೆಸೆದ) ಬ್ಲೇಡ್ ಹಾಕಿ ಮೊಳೆಯ ಸಮೇತ ಕೊಯ್ಯಬಹುದು. ನಿಧಾನ, ಮೈ ಒರಟು, ಆದರೆ ಎದೆ ಢವಗುಟ್ಟುವುದಿಲ್ಲ.

ಹಾಗೆಯೇ ಕನ್ನಡಕ, ಮಾಸ್ಕ್. ಕಟ್ಟಿಗೆಯ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಕೈಗವಸು ಮಾತ್ರ ಬೇಡ, ತಿರುಗುವ ಬ್ಲೇಡ್ ಅದನ್ನು ಕೈಯ ಸಮೇತ ಎಳೆದುಕೊಳ್ಳುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಬ್ಲೇಡಿನ ಮೇಲೆ ಅಚ್ಚು ಹಾಕಿದ ಅಂಕಿಗಳನ್ನು ಓದಿ: ವ್ಯಾಸ, ತಿನ್ನುವ ಅಗಲ, ನಡುವಿನ ತೂತು, ಹಲ್ಲಿನ ಸಂಖ್ಯೆ, ಗರಿಷ್ಠ ವೇಗ. ಕೊನೆಯದು ನಿಮ್ಮ ಯಂತ್ರದ ವೇಗಕ್ಕಿಂತ ಹೆಚ್ಚಿರಲೇಬೇಕು. ವೇಗವನ್ನೇ ಬರೆಯದ ಬ್ಲೇಡನ್ನು ವಾಪಸ್ ಕೊಟ್ಟುಬಿಡಿ, ಎಷ್ಟೇ ಅಗ್ಗವಾಗಿರಲಿ. ತೂತು 20, 25.4, 30 ಮಿ.ಮೀ. ಹೀಗೆ ಬೇರೆ ಬೇರೆ ಇರುತ್ತದೆ. ದೊಡ್ಡದಾದರೆ ಉಂಗುರ ಹಾಕಿ ಹೊಂದಿಸಬಹುದು, ಚಿಕ್ಕದಾದುದನ್ನು ಕೊರೆದು ದೊಡ್ಡದು ಮಾಡಲು ಹೋಗಬಾರದು. ಕಾರ್ಬೈಡ್ ತುದಿ ದಪ್ಪವಾಗಿದ್ದಷ್ಟೂ ಹೆಚ್ಚು ಸಲ ಸಾಣೆ ಹಿಡಿಸಬಹುದು. ತುದಿಯನ್ನು ಬೆಸೆದ ಜಾಗ ಎಲ್ಲ ಹಲ್ಲಿನಲ್ಲೂ ಒಂದೇ ಸಮನಾಗಿ ತುಂಬಿರಬೇಕು, ಸಣ್ಣ ರಂಧ್ರ ಕಂಡರೂ ಬೇಡ. ಅಂಚಿನಲ್ಲಿ ಸೀಳಿದ ಗೆರೆಗಳು ಕಂಡರೆ ಅದು ದೋಷವಲ್ಲ, ಬಿಸಿಗೆ ಉಬ್ಬಲು ಬಿಟ್ಟ ಜಾಗ.

ಸಾಣೆಗೆ ಕೊಡುವಾಗ ಕಾರ್ಬೈಡ್ ಎಂದು ಹೇಳಿಯೇ ಕೊಡಿ. ಅದಕ್ಕೆ ವಜ್ರದ ಚಕ್ರ ಬೇಕು, ಮಾಮೂಲಿ ಸಾಣೆಕಲ್ಲಿಗೆ ಹಿಡಿದರೆ ತುದಿ ಹಾಳಾಗುತ್ತದೆ. ಹಲ್ಲಿನ ಮುಖ, ತಲೆ ಎರಡನ್ನೂ ಮೂಲದ ಕೋನಕ್ಕೇ ಹಿಡಿಯಲು ಹೇಳಿ. ಒಂದೆರಡು ತುದಿ ಉದುರಿದ್ದರೆ ಹೊಸ ತುದಿ ಬೆಸೆಯಿಸಬಹುದು, ಅದಕ್ಕಾಗಿ ಇಡೀ ಬ್ಲೇಡ್ ಎಸೆಯಬೇಕಿಲ್ಲ. ವಾಪಸ್ ತೆಗೆದುಕೊಳ್ಳುವಾಗ ಅಲ್ಲಿಯೇ ನಿಂತು ಒಂದೊಂದೇ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ. 24 ಹಲ್ಲಿನದಾದರೆ ಅದಕ್ಕೂ ಬೇಗ ಮುಗಿಯುತ್ತದೆ.